ಪದಮೂಲ: ಕಟ್ಟುಕತೆಗೆ ಅಂಕ ಬೇಡ

ಮಾನ್ಯರೇ,

ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿ ‘ನ್ಯೂಸ್’ ಆಯಿತು ಎಂಬ ಉತ್ತರಕ್ಕೆ ಶಾಲಾ ರಸಪ್ರಶ್ನೆಗಳಲ್ಲಿ ಈಗಲೂ ಅಂಕ ಸಿಗುತ್ತಿದೆ. ಇದು ತಪ್ಪು. ‘ನ್ಯೂ’ ಪದದ ಬಹುವಚನವೇ ‘ನ್ಯೂಸ್’. ಹೊಸ ಸಂಗತಿಗಳು ಎಂದರ್ಥ. ‘ಗಾಲ್ಫ್’ ಕೂಡ ‘ಗಂಡಸರಿಗೆ ಮಾತ್ರ, ಹೆಂಗಸರಿಗೆ ನಿಷೇಧ’ ಎಂಬರ್ಥದ ಇಂಗ್ಲಿಷ್ ಮಾತಿನ ಸಂಕ್ಷೇಪವಲ್ಲ. 1457ರಲ್ಲೇ ಸ್ಕಾಟ್ಲೆಂಡಿನ ಸಂಸತ್ತು ಆ ಆಟವನ್ನು ಅದೇ ಹೆಸರು ಹಿಡಿದು ನಿಷೇಧಿಸಿತ್ತು. ಮೊದಲಕ್ಷರ ಜೋಡಿಸಿ ಪದ ಕಟ್ಟುವ ರೂಢಿ ಹಬ್ಬಿದ್ದು 20ನೇ ಶತಮಾನದಲ್ಲಿ. ಅದಕ್ಕಿಂತ ಹಳೆಯ ಪದಕ್ಕೆ ಇಂಥ ವಿವರಣೆ ಕೇಳಿಬಂದರೆ, ಆ ಪದ ಬರಹದಲ್ಲಿ ಮೊದಲು ಕಂಡ ವರ್ಷವನ್ನು ದೊಡ್ಡ ನಿಘಂಟಿನಲ್ಲಿ ನೋಡಬೇಕು.

ನಿಜವಾದ ಚರಿತ್ರೆ ಕೊಡಗಿನ ತೋಟಗಳಲ್ಲೇ ಸಿಗುತ್ತದೆ. ನಮ್ಮ ಕಿತ್ತಳೆಯ ಇಂಗ್ಲಿಷ್ ಹೆಸರು ‘ಆರೆಂಜ್’ ಸಂಸ್ಕೃತದ ‘ನಾರಂಗ’, ಪರ್ಷಿಯನ್ನಿನ ‘ನಾರಂಗ್’, ಅರಬ್ಬಿಯ ‘ನಾರಂಜ್’ ದಾಟಿ ಫ್ರೆಂಚಿಗೆ ಬರುವಷ್ಟರಲ್ಲಿ ಮೊದಲಿನ ‘ನ’ಕಾರ ಕಳೆದುಕೊಂಡಿತ್ತು, ‘ಒಂದು’ ಎಂಬರ್ಥದ ಹಿಂದಿನ ಪದಕ್ಕೇ ಆ ‘ನ’ಕಾರ ಅಂಟಿಹೋಯಿತು. ಇಂಗ್ಲಿಷಿನಲ್ಲಿ ‘ಎ ನೇಪ್ರನ್’ ಎಂಬುದು ‘ಆ್ಯನ್ ಏಪ್ರನ್’ ಆದದ್ದೂ ಹೀಗೆಯೇ. ಇನ್ನು ‘ಪೆಪ್ಪರ್’ ಎಂಬುದು ಮೂಲದಲ್ಲಿ ಕಾಳುಮೆಣಸಿನ ಹೆಸರೇ ಅಲ್ಲ. ಹಿಪ್ಪಲಿಯ ಸಂಸ್ಕೃತ ಹೆಸರು ‘ಪಿಪ್ಪಲೀ’ ಗ್ರೀಕ್, ಲ್ಯಾಟಿನ್ ಮೂಲಕ ಸಾಗಿ ಕಾಳುಮೆಣಸಿನ ಬಳ್ಳಿಗೆ ಅಂಟಿಕೊಂಡಿತು. ‘ಟೀಕ್’ ಎಂಬುದು ತೇಗದ ಮಲಯಾಳ ಹೆಸರು, ಪೋರ್ಚುಗೀಸರ ಬಾಯಿಂದ ಹೋದದ್ದು. ‘ಕಾಫಿ’ ಅರಬ್ಬಿಯಿಂದ ತುರ್ಕಿ, ಡಚ್ ಭಾಷೆಗಳ ದಾರಿಯಲ್ಲಿ ಬಂತು.

ಪ್ರಶ್ನೆ ಸಿದ್ಧಪಡಿಸುವ ಶಿಕ್ಷಕರು ಉತ್ತರದ ಜೊತೆಗೆ ಪದದ ಮೊದಲ ದಾಖಲೆಯ ವರ್ಷವನ್ನೂ ಬರೆದಿಟ್ಟುಕೊಳ್ಳಲಿ. ವರ್ಷ ಸಿಗದ ಪ್ರಶ್ನೆಯನ್ನು ಕೈಬಿಡಲಿ.

– ಇಂಗ್ಲಿಷ್ ಅಧ್ಯಾಪಕರು, ಮಡಿಕೇರಿ