ಕಣ್ಣಲ್ಲ, ಕೇಬಲ್ ಅಂದ ಅಕ್ಕನಿಗೆ

ಕಣ್ಣಿನ ಕಾಯಿಲೆಯಿಂದ ತಡವಾಗಿದ್ದ ಪುಟ ಓದುವ ಕೆಲಸ ಮುಗಿಯಿತು. ಕೊನೆಯ ಫೈಲನ್ನೂ ಕಳಿಸಿಯಾಯಿತು. "ಸಿಕ್ಕಿದೆ, ಚೆನ್ನಾಗಿ ಬಂದಿದೆ" ಅಂತ ಉತ್ತರವೂ ಬಂತು. ಅದು ಯಾವ ಕೆಲಸ, ಯಾಕೆ ಇಷ್ಟು ತಡವಾಯಿತು, ನನ್ನ ಕಣ್ಣಿಗೆ ಏನಾಗಿತ್ತು, ಇದೆಲ್ಲ ನಿಮಗೆ ಗೊತ್ತಿರುವುದೇ. ಮತ್ತೆ ಅದನ್ನೆಲ್ಲ ಬರೆಯುವುದಿಲ್ಲ. ಇವತ್ತು ಕೂತಿರುವುದು ಥ್ಯಾಂಕ್ಸ್ ಹೇಳುವುದಕ್ಕೆ.

ಇನ್ನು ಮುಂದೆ ದೊಡ್ಡ ಪರದೆ, ದೊಡ್ಡ ಅಕ್ಷರ ಇದ್ದರೆ ಮಾತ್ರ ನನ್ನಿಂದ ಕೆಲಸ ಆಗುತ್ತದೆ ಅಂತ ಖಾತ್ರಿಯಾದ ಮೇಲೆ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡೆ. ಜೊತೆಗೆ ಅದಕ್ಕೆ ಜೋಡಿಸುವ 27 ಇಂಚಿನ 4ಕೆ ಮಾನಿಟರ್, ಅಂದರೆ ಚುಕ್ಕೆಗಳು ಜಾಸ್ತಿ ಇರುವ ದೊಡ್ಡ ಪರದೆ. ಲ್ಯಾಪ್‌ಟಾಪಿನ ಸ್ವಂತ ಪರದೆಗೆ ಮುಖ ಒಡ್ಡಿಕೊಂಡು ಸಾಲು ಸಾಲು ಓದುವುದು ನನ್ನಿಂದ ಆಗದ ಮಾತು. ಹಾಗಾಗಿ ಮಾನಿಟರ್ ಕೈಕೊಟ್ಟರೆ ಕೆಲಸವೇ ನಿಲ್ಲುತ್ತದೆ. ಅದು ಕೈಕೊಟ್ಟಿತು.

ತೊಂದರೆ ಒಂದೇ ಥರ ಇರಲಿಲ್ಲ. ಲ್ಯಾಪ್‌ಟಾಪಿನಿಂದ ಮಾನಿಟರಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್ ಹಾಕಿದರೆ ಚಿತ್ರ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಇದ್ದಕ್ಕಿದ್ದ ಹಾಗೆ ಪೂರ್ತಿ ಕಪ್ಪಾಗುತ್ತಿತ್ತು. ಎರಡು ಮೂರು ಸೆಕೆಂಡಿಗೆ ಮತ್ತೆ ಬರುತ್ತಿತ್ತು. ಫೋನ್ ಚಾರ್ಜ್ ಮಾಡುವ ಯುಎಸ್‌ಬಿ-ಸಿ ಕೇಬಲ್ ಹಾಕಿದರೆ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿತ್ತು, ಚಿತ್ರ ಮಾತ್ರ ಇಲ್ಲ. ನಿದ್ದೆಗೆ ಹೋದ ಲ್ಯಾಪ್‌ಟಾಪನ್ನು ಎಬ್ಬಿಸಿದರೆ ಮಾನಿಟರ್ ಏಳುತ್ತಿರಲಿಲ್ಲ. ಮಾರಿದ ಅಂಗಡಿಯವರು ಲ್ಯಾಪ್‌ಟಾಪ್ ನೋಡಿ ಸರಿಯಿದೆ ಅಂದರು. ಮಾನಿಟರ್ ಕಂಪನಿಯ ಸಹಾಯವಾಣಿಯವರು ಮಾನಿಟರ್ ಸರಿಯಿದೆ ಅಂದರು. ಎರಡೂ ಸರಿ ಇದ್ದವು ಅಂತ ಆಮೇಲೆ ಗೊತ್ತಾಯಿತು. ಅವೆರಡರ ನಡುವೆ ಏನಾಗುತ್ತಿದೆ ಅಂತ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ, ನನ್ನ ಕೋಪ ಇರುವುದು ಅದರ ಬಗ್ಗೆ.

ಅವಧಿ ಮುಂದೂಡಿ ಕೊಟ್ಟವರಿಗೆ, ಮಧ್ಯದಲ್ಲಿ ನನ್ನ ಪಾಲಿನ ಪುಟಗಳನ್ನು ತಾವೇ ಓದಿಕೊಟ್ಟ ಇಬ್ಬರು ಗೆಳತಿಯರಿಗೆ, ಮನೆಯಲ್ಲಿದ್ದ ಕೇಬಲ್‌ಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಬಾಗಿಲಿಗೇ ತಂದುಕೊಟ್ಟ ಗೆಳೆಯನಿಗೆ, ದಿನಾ ಫೋನ್ ಮಾಡಿ ಬರೀ "ಹೇಗಿದ್ದೀಯ" ಅಂತ ಕೇಳಿ ಇಟ್ಟುಬಿಡುತ್ತಿದ್ದ ಚಿಕ್ಕಮ್ಮನಿಗೆ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ನಿಮ್ಮಲ್ಲಿ ಒಬ್ಬರು ಇಲ್ಲದಿದ್ದರೂ ಇದು ಮುಗಿಯುತ್ತಿರಲಿಲ್ಲ.

ಇನ್ನು ಅಕ್ಕ.

ಹಳೆಯ ಆಫೀಸಿನಲ್ಲಿ ನಮ್ಮ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು. ಆಗಲೂ ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆವು. ನಾನು ಆ ಆಫೀಸು ಬಿಟ್ಟು ವರ್ಷಗಳಾಗಿವೆ. ಆವತ್ತು ರಾತ್ರಿ ಫೋನ್ ಮಾಡಿದಾಗ "ಇಷ್ಟು ಹೊತ್ತಿನಲ್ಲಿ ಯಾಕೆ" ಅನ್ನಲಿಲ್ಲ. "ಏನು ಮಾಡಿದೆ" ಅಂತಲೂ ಕೇಳಲಿಲ್ಲ. "ಏನು ಕಾಣಿಸ್ತಾ ಇದೆ, ನಿಧಾನಕ್ಕೆ ಹೇಳು" ಅಂದರು. ಬೆಳಗಾಗುವ ತನಕ ಫೋನ್ ಇಡಲಿಲ್ಲ.

ಆವತ್ತಿನ ನನ್ನ ಪರಿಸ್ಥಿತಿ ಇಲ್ಲಿ ಹೇಳಲೇಬೇಕು. ಯಾರಿಗೂ ಹೇಳಿರಲಿಲ್ಲ. ಪರದೆ ಕಪ್ಪಾಗುತ್ತಿದೆಯೋ, ನನ್ನ ಕಣ್ಣೇ ಕಪ್ಪಾಗುತ್ತಿದೆಯೋ ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ಪ್ರತಿ ಸಲ ಕತ್ತಲಾದಾಗ ಎದೆ ಧಸಕ್ ಅನ್ನುತ್ತಿತ್ತು. ಎಡಗಣ್ಣು ಮುಚ್ಚಿ ನೋಡುತ್ತಿದ್ದೆ, ಬಲಗಣ್ಣು ಮುಚ್ಚಿ ನೋಡುತ್ತಿದ್ದೆ, ಗೋಡೆ ನೋಡುತ್ತಿದ್ದೆ. ಅಷ್ಟರಲ್ಲಿ ಚಿತ್ರ ವಾಪಸ್ ಬಂದಿರುತ್ತಿತ್ತು. ಪ್ರೀತಿಯಿಂದಲೇ ಕೆಲವರು "ನಿನ್ನ ಕಣ್ಣಿಗೆ ಹಾಗೆ ಅನಿಸುತ್ತಿರಬಹುದು, ಸ್ವಲ್ಪ ರೆಸ್ಟ್ ಮಾಡು" ಅಂದಿದ್ದರು. ಆ ಮಾತು ಒಳಗೆ ಕೂತುಬಿಟ್ಟಿತ್ತು. ಮತ್ತೆ ಶುರುವಾಗಿದ್ದರೆ? ಮತ್ತೆ ಆಸ್ಪತ್ರೆಯ ಆ ಬೆಂಚು, ಕಣ್ಣಿಗೆ ಆ ಹನಿ, ಆ ಕಾಯುವುದು? ಇದನ್ನು ಅಕ್ಕನಿಗೆ ಹೇಳುವಾಗ ಅಳು ಬಂತು, ಮಾತು ಮುಂದಕ್ಕೆ ಹೋಗಲಿಲ್ಲ. ಅವರು ಸಮಾಧಾನ ಮಾಡಲಿಲ್ಲ. ಸುಮ್ನೆ ಕಾದರು. ಆಮೇಲೆ ಹೇಳಿದ್ದು ಇಷ್ಟು:

"ಫೋನನ್ನ ಏನಕ್ಕಾದರೂ ಒರಗಿಸಿ ಪರದೆ ಕಡೆ ತಿರುಗಿಸು. ವಿಡಿಯೋ ಆನ್ ಮಾಡು. ಸ್ಪೀಕರ್‌ನಲ್ಲಿ ಮಾತಾಡು. ಕಪ್ಪಾದಾಗ 'ಈಗ' ಅನ್ನು."

ಎರಡು ಪುಸ್ತಕಗಳಿಗೆ ಫೋನ್ ಒರಗಿಸಿ ಕೂತೆ. ಕಪ್ಪಾಯಿತು. "ಈಗ" ಅಂದೆ. ಬಂತು. ಮತ್ತೆ ಕಪ್ಪಾಯಿತು. "ಈಗ." ವಿಡಿಯೋ ಅವರಿಗೆ ಕಳಿಸಿದೆ. ಆ ಕಡೆಯಿಂದ ನನ್ನದೇ ದನಿ "ಈಗ, ಈಗ" ಅನ್ನುವುದು ಕೇಳಿಸಿತು. ಆಮೇಲೆ ಅಕ್ಕ ಅಂದರು: "ನನಗೂ ಕಪ್ಪಾಗೇ ಕಾಣಿಸ್ತಿದೆ ಕಣೇ. ನೀನು ಈಗ ಅಂದ ಕಡೆಯಲ್ಲೆಲ್ಲ ಕಪ್ಪಾಗಿದೆ. ನಿನ್ನ ಕಣ್ಣು ಸರಿ ಇದೆ."

ಆ ಒಂದು ಮಾತಿಗೆ ನಾನು ಅವರಿಗೆ ಬದುಕಿಡೀ ಋಣಿ. ಮಾನಿಟರ್ ಆಮೇಲೆ ರಿಪೇರಿ ಆಗದೇ ಹೋಗಿದ್ದರೂ ಈ ಬರಹ ಬರೆಯುತ್ತಿದ್ದೆ.

ಅಲ್ಲಿಂದ ಮುಂದೆ ಕೆಲಸ ಶುರುವಾಯಿತು. ಅಕ್ಕನದು ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ, ಆದ ಮೇಲೆ ಬರೆದುಕೋ. ಕೇಬಲ್ ಬದಲಿಸಿದರೆ ಸೆಟ್ಟಿಂಗ್ ಮುಟ್ಟುವ ಹಾಗಿಲ್ಲ. ಸೆಟ್ಟಿಂಗ್ ಮುಟ್ಟಿದರೆ ಕೇಬಲ್ ಅಲುಗಿಸುವ ಹಾಗಿಲ್ಲ. ದಪ್ಪ ಮಾರ್ಕರಿನಲ್ಲಿ ದೊಡ್ಡದಾಗಿ ಬರೆಯುತ್ತಾ ಹೋದೆ. ಅದು ನನಗೆ ಕಾಣುತ್ತದೆ ಅಂತ ಮಾರ್ಕರ್ ತಗೋ ಅಂದವರೂ ಅವರೇ.

ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿಸಿದರು. ಪರದೆಗೆ ಚಿತ್ರ ಕಳಿಸುವ ತಂತ್ರಾಂಶ, ಅಂದರೆ ಗ್ರಾಫಿಕ್ಸ್ ಡ್ರೈವರ್, ಅದರಿಂದ ಹೊಸದಾಗಿ ಶುರುವಾಗುತ್ತದೆ. ಫಲ ಇಲ್ಲ. ಮಾನಿಟರಿನ ಪವರ್ ವೈರನ್ನು ಗೋಡೆಯಿಂದ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕಿಸಿದರು. ಅದರಿಂದಲೂ ಕಪ್ಪಾಗುವುದು ನಿಲ್ಲಲಿಲ್ಲ. ಕಪ್ಪಾದಾಗ ಮಾನಿಟರ್ ಏನಾದರೂ ಬರೆಯುತ್ತದಾ ಅಂತ ಕೇಳಿದರು. ಒಂದೊಂದು ಸಲ "ಸಿಗ್ನಲ್ ಇಲ್ಲ" ಅಂತ ಮೂಲೆಯಲ್ಲಿ ಬರುತ್ತಿತ್ತು. "ಹಾಗಾದರೆ ಮಾನಿಟರ್ ಬದುಕಿದೆ. ಆ ಅಕ್ಷರ ಅದೇ ಬರೆದದ್ದು. ಅದಕ್ಕೆ ಲ್ಯಾಪ್‌ಟಾಪಿನಿಂದ ಏನೂ ಬರ್ತಿಲ್ಲ ಅಷ್ಟೇ."

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದರ ನಂತರದ್ದು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟನ್ನು (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವ ಲೆಕ್ಕ, ಹರ್ಟ್ಜ್ ಅದರ ಅಳತೆ) 60 ಹರ್ಟ್ಜ್‌ನಿಂದ 30ಕ್ಕೆ ಇಳಿಸು ಅಂದರು. ಅದೇ ಕೇಬಲ್, ಅದೇ ಪೋರ್ಟ್. ಇಳಿಸಿದೆ. ಕಾದೆವು. ಮಾತಾಡುತ್ತಾ ಕೂತೆವು, ಅವರ ಮಗಳ ಓದು, ನನ್ನ ಅಮ್ಮನ ಮಂಡಿನೋವು. ಪರದೆ ಒಂದು ಸಲವೂ ಕಪ್ಪಾಗಲಿಲ್ಲ. ಮತ್ತೆ 60ಕ್ಕೆ ಏರಿಸಿದೆ. ಸ್ವಲ್ಪ ಹೊತ್ತಿಗೇ ಕಪ್ಪು. "ಸಿಕ್ತು ನೋಡು. ಕಣ್ಣಲ್ಲ, ಕೇಬಲ್."

ಲೆಕ್ಕವನ್ನೂ ಅವರೇ ಬಿಡಿಸಿ ಹೇಳಿದರು. ಹಳೆಯ ಮಾನಿಟರಿನಲ್ಲಿ ಇದ್ದದ್ದು 1920 ಗುಣಿಸು 1080 ಚುಕ್ಕೆಗಳು. 4ಕೆ ಅಂದರೆ 3840 ಗುಣಿಸು 2160, ಅಂದರೆ ಅದರ ನಾಲ್ಕರಷ್ಟು. ಸೆಕೆಂಡಿಗೆ 60 ಸಲ ಅಷ್ಟೂ ಚುಕ್ಕೆಗಳ ಬಣ್ಣ ಹೋಗಬೇಕು. ಎಚ್‌ಡಿಎಂಐ 1.4ರ ಕಾಲದ ಹೈ ಸ್ಪೀಡ್ ಕೇಬಲನ್ನು ಸೆಕೆಂಡಿಗೆ 10.2 ಗಿಗಾಬಿಟ್‌ಗೆ ಲೆಕ್ಕ ಹಾಕಿ ಮಾಡಿರುತ್ತಾರೆ (ಗಿಗಾಬಿಟ್ ಅಂದರೆ ಸಾಗುವ ಮಾಹಿತಿಯ ಅಳತೆ). 4ಕೆ ಚಿತ್ರ 30 ಹರ್ಟ್ಜ್‌ನಲ್ಲಿ ಅದರೊಳಗೆ ಹಿಡಿಸುತ್ತದೆ. 60ಕ್ಕೆ ಹಿಡಿಸುವುದಿಲ್ಲ. ಅದಕ್ಕೆ 2013ರಲ್ಲಿ ಬಂದ ಎಚ್‌ಡಿಎಂಐ 2.0 ಬೇಕು, ಅದರ ಮಿತಿ 18 ಗಿಗಾಬಿಟ್. ಹಳೆಯ ಕೇಬಲ್ ಎಷ್ಟೋ ಸಲ ಆ ಭಾರವನ್ನೂ ಹೊತ್ತುಬಿಡುತ್ತದೆ, ಆದರೆ ತಡೆದು ತಡೆದು. ಸಿಗ್ನಲ್ ಕೆಡುತ್ತದೆ, ಸಂಪರ್ಕ ತಪ್ಪುತ್ತದೆ, ಎರಡೂ ಕಡೆಯವು ಮತ್ತೆ ಮಾತು ಶುರುಮಾಡಿಕೊಳ್ಳುತ್ತವೆ. ನಾನು ನೋಡುತ್ತಿದ್ದ ಎರಡು ಮೂರು ಸೆಕೆಂಡಿನ ಕತ್ತಲು ಅದೇ.

30 ಹರ್ಟ್ಜ್‌ನಲ್ಲೇ ಇದ್ದುಬಿಡಬಹುದಿತ್ತಲ್ಲ ಅಂತ ಕೇಳಬಹುದು. ಆಗಲಿಲ್ಲ. ಮೌಸಿನ ಬಾಣ ಓಡುವುದಿಲ್ಲ, ಹಾರುತ್ತದೆ. ಪುಟ ಸರಿಸಿದರೆ ಸಾಲುಗಳು ಎಳೆದಾಡಿದ ಹಾಗಾಗುತ್ತವೆ. ಒಳ್ಳೆಯ ಕಣ್ಣಿದ್ದವರಿಗೆ ಅದು ಬರೀ ಕಿರಿಕಿರಿ. ನನಗೆ ಬಾಣ ಎಲ್ಲಿ ಹೋಯಿತು ಅಂತ ಹುಡುಕುವುದೇ ಒಂದು ಕೆಲಸವಾಗುತ್ತಿತ್ತು.

ಆಗ ಗೆಳೆಯ ತಂದುಕೊಟ್ಟ ಚೀಲ ಬಿಚ್ಚಿದೆವು. ಅದರಲ್ಲಿ ಯುಎಸ್‌ಬಿ-ಸಿ ಕೇಬಲ್‌ಗಳೇ ಜಾಸ್ತಿ, ನೋಡಲು ಎಲ್ಲವೂ ಒಂದೇ. ತುದಿ ಒಂದೇ ಥರ ಇದ್ದ ಮಾತ್ರಕ್ಕೆ ಒಳಗಿನದೂ ಒಂದೇ ಅಂತಲ್ಲ. ಫೋನ್ ಜೊತೆ ಬರುವ ಕೇಬಲ್‌ಗಳು ಬಹಳ ಸಲ ಯುಎಸ್‌ಬಿ 2.0 ಮಟ್ಟದವು, 480 ಮೆಗಾಬಿಟ್‌ಗೆ, ಅಂದರೆ ಅರ್ಧ ಗಿಗಾಬಿಟ್‌ಗಿಂತ ಕಡಿಮೆಗೇ ನಿಲ್ಲುತ್ತವೆ. ಚಿತ್ರ ಹೊರುವ ವೇಗದ ತಂತಿಗಳೇ ಅವುಗಳಲ್ಲಿ ಇರುವುದಿಲ್ಲ. ಚಾರ್ಜ್ ಆಗಿಯೂ ಚಿತ್ರ ಬರದೇ ಇದ್ದದ್ದು ಅದಕ್ಕೇ. ಲ್ಯಾಪ್‌ಟಾಪಿನ ಕಡೆಯಲ್ಲೂ ಎಲ್ಲ ಯುಎಸ್‌ಬಿ-ಸಿ ಪೋರ್ಟುಗಳಿಂದ ಚಿತ್ರ ಹೊರಗೆ ಬರಬೇಕು ಅಂತೇನಿಲ್ಲ. ಆ ಪೋರ್ಟಿಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್, ಅಂದರೆ ಯುಎಸ್‌ಬಿ-ಸಿ ಮೂಲಕವೇ ಚಿತ್ರ ಕಳಿಸುವ ಸೌಲಭ್ಯ ಇರಬೇಕು. ನನ್ನ ಲ್ಯಾಪ್‌ಟಾಪಿನ ಒಂದು ಪೋರ್ಟಿಗೆ ಇತ್ತು, ಅದನ್ನು ಮಾಡೆಲ್ ನಂಬರ್ ಕೇಳಿಕೊಂಡು ಅಕ್ಕನೇ ಹುಡುಕಿ ಹೇಳಿದರು.

ಒಂದೊಂದೇ ಕೇಬಲ್ ತೆಗೆದು, ಮೈಮೇಲಿನ ಸಣ್ಣ ಬರಹವನ್ನು ಫೋನ್ ಕ್ಯಾಮೆರಾದಲ್ಲಿ ಹಿಗ್ಗಿಸಿ ಓದಿ ಹೇಳುತ್ತಿದ್ದೆ. ಕೆಲವದರ ಮೇಲೆ ಏನೂ ಇರಲಿಲ್ಲ. ಒಂದು ಗಿಡ್ಡ, ದಪ್ಪ, ಬಗ್ಗಿಸಿದರೆ ಬಗ್ಗದ ಕೇಬಲಿನ ತುದಿಯಲ್ಲಿ 10 ಅಂತ ಇತ್ತು. ಯುಎಸ್‌ಬಿ ಡೇಟಾ 10 ಗಿಗಾಬಿಟ್ ವೇಗದಲ್ಲಿ ಹೋಗುತ್ತದೆ ಅಂತ ಅದರ ಅರ್ಥ, ಚಿತ್ರದ ಲೆಕ್ಕ ಬೇರೆ. "ಅದನ್ನ ಹಾಕು" ಅಂದರು ಅಕ್ಕ. ಹಾಕಿದೆ. ಚಿತ್ರ ಬಂತು! ಆದರೆ ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಮತ್ತೆ ಅದೇ 30 ಹರ್ಟ್ಜ್. 60 ಅನ್ನುವ ಆಯ್ಕೆಯೇ ಇಲ್ಲ. ಆ ಹೊತ್ತಿಗೆ ನನಗೆ ಸಾಕಾಗಿ ಹೋಗಿತ್ತು. "ಬಿಡಿ ಅಕ್ಕ, ನೀವು ಮಲಗಿ" ಅಂದೆ. "ಇಲ್ಲೀ ತನಕ ಬಂದು ಮಲಗೋದಾ? ಮಾನಿಟರಿನ ಮೆನು ತೆಗಿ" ಅಂದರು.

ಮಾನಿಟರಿನ ಹಿಂಬದಿಯ ಗುಂಡಿ ಒತ್ತಿ, ಮೆನುವಿನ ಒಂದೊಂದೇ ಸಾಲು ಓದಿದೆ. ಬಣ್ಣ, ಬೆಳಕು, ಭಾಷೆ. ಒಂದು ಕಡೆ ಯುಎಸ್‌ಬಿ-ಸಿ ಆದ್ಯತೆ ಅಂತ ಇತ್ತು, ಅದರ ಕೆಳಗೆ ಎರಡು ಆಯ್ಕೆ: ಹೆಚ್ಚು ಡೇಟಾ ವೇಗ, ಹೆಚ್ಚು ರೆಸಲ್ಯೂಷನ್ (ಅಂದರೆ ಹೆಚ್ಚು ಚುಕ್ಕೆಗಳ ಚಿತ್ರ). ಮೊದಲನೆಯದಕ್ಕೆ ಗುರುತು ಇತ್ತು, ಕಾರ್ಖಾನೆಯಿಂದಲೇ ಹಾಗೆ ಬಂದದ್ದು. ಓದಿ ಹೇಳಿದೆ. ಆ ಕಡೆ ಅಕ್ಕ ಮೇಜು ಕುಟ್ಟಿದ ಸದ್ದು ಕೇಳಿಸಿತು.

ವಿಷಯ ಇಷ್ಟು. ಆ ಕೇಬಲಿನೊಳಗೆ ವೇಗದ ತಂತಿಗಳು ನಾಲ್ಕು ಜೋಡಿ ಇರುತ್ತವೆ. ಮಾನಿಟರಿನ ಯುಎಸ್‌ಬಿ ಪೋರ್ಟುಗಳು ವೇಗವಾಗಿ ಓಡಲಿ ಅಂತ ಎರಡು ಜೋಡಿಯನ್ನು ಡೇಟಾಕ್ಕೆ ಕೊಟ್ಟರೆ ಚಿತ್ರಕ್ಕೆ ಉಳಿಯುವುದು ಎರಡೇ. ಚಿತ್ರ ಕಳಿಸುವ ಡಿಸ್‌ಪ್ಲೇಪೋರ್ಟ್ ಪದ್ಧತಿಯ 1.2ನೇ ಆವೃತ್ತಿಯ ವೇಗದಲ್ಲಿ ಆ ಎರಡರಿಂದ ಸಿಗುವುದು 8.64 ಗಿಗಾಬಿಟ್. 4ಕೆ ಚಿತ್ರ 60 ಹರ್ಟ್ಜ್‌ನಲ್ಲಿ ಹೋಗಲು ಸುಮಾರು 12 ಬೇಕು. ಸಾಲದು, ಹಾಗಾಗಿ 30ಕ್ಕೆ ಇಳಿಯುತ್ತದೆ. ನಾಲ್ಕೂ ಜೋಡಿ ಚಿತ್ರಕ್ಕೆ ಬಿಟ್ಟರೆ 17.28 ಸಿಗುತ್ತದೆ, ಧಾರಾಳ. ಮಾನಿಟರಿನ ಪೋರ್ಟುಗಳು ಯುಎಸ್‌ಬಿ 2.0ಕ್ಕೆ ಇಳಿಯುತ್ತವೆ. ಅಲ್ಲಿ ನಾನು ಸಿಕ್ಕಿಸುವುದು ಕೀಬೋರ್ಡು, ಮೌಸು. ಅದಕ್ಕೆ ಅಷ್ಟು ಸಾಕು.

ಎರಡನೆಯ ಆಯ್ಕೆ ಒತ್ತಿದೆ. ಪರದೆ ಒಂದು ಸಲ ಕಪ್ಪಾಗಿ ಬಂತು. ಬಾಣ ಮೂಲೆಯಿಂದ ಮೂಲೆಗೆ ಎಲ್ಲೂ ಹಾರದೆ ಹರಿದುಹೋಯಿತು. ಸೆಟ್ಟಿಂಗ್ಸ್‌ನಲ್ಲಿ 60. ಅಕ್ಷರ 200 ಶೇಕಡಾಕ್ಕೆ ಹಿಗ್ಗಿಸಿದೆ. ಒಂದು ಪುಟ ತೆಗೆದು ಅಕ್ಕನಿಗೆ ಫೋನಿನಲ್ಲೇ ಓದಿ ಹೇಳಿದೆ, ಎಲ್ಲೂ ತಡವರಿಸದೆ. ಅವರು ಪೂರ್ತಿ ಕೇಳಿಸಿಕೊಂಡರು. ನಿದ್ದೆಯಿಂದ ಏಳದ ತೊಂದರೆಯೊಂದು ಉಳಿದಿತ್ತು, ಮಾನಿಟರನ್ನು ಗಾಢ ನಿದ್ದೆಗೆ ಕಳಿಸುವ ಡೀಪ್ ಸ್ಲೀಪ್ ಆಯ್ಕೆ ತೆಗೆದುಹಾಕಿದ ಮೇಲೆ ಅದೂ ಹೋಯಿತು.

ಮುಂದಿನದು ನಿಮಗೆ ಗೊತ್ತು. ಕೆಲಸ ಓಡಿತು. ಆಮೇಲೆ ಕಣ್ಣಿನ ತಪಾಸಣೆಯೂ ಆಯಿತು, ಅದರಲ್ಲೂ ಹೊಸದೇನೂ ಇಲ್ಲ ಅಂದರು. ಅಕ್ಕನಿಗೆ ಅದನ್ನೇ ಮೊದಲು ಹೇಳಿದ್ದು.

ಕಂಪ್ಯೂಟರ್ ತಿಳಿದವರು ತುಂಬಾ ಜನ ಇದ್ದಾರೆ. ಗೊತ್ತಿರುವುದನ್ನು ಹೇಳುವ ಮೊದಲು ಎದುರಿನವರು ಕಂಡದ್ದನ್ನು ನಿಜ ಅಂತ ಒಪ್ಪಿಕೊಳ್ಳುವವರು ಕಡಿಮೆ. ಕಾಯಿಲೆ ಬಂದವರ ಮಾತನ್ನು ಜನ ಅರ್ಧ ನಂಬುತ್ತಾರೆ. ಇನ್ನರ್ಧವನ್ನು ಕಾಯಿಲೆಯ ಲೆಕ್ಕಕ್ಕೆ ಬರೆಯುತ್ತಾರೆ. ಆ ರಾತ್ರಿ ನಾನೂ ನನ್ನನ್ನು ಅರ್ಧವೇ ನಂಬುತ್ತಿದ್ದೆ. ಅಕ್ಕ ಪೂರ್ತಿ ನಂಬಿದರು, ಆಮೇಲೆ ಪರೀಕ್ಷೆ ಮಾಡಿದರು.

ಅಕ್ಕ, ಇದನ್ನು ನಿಮಗೆ ಫೋನಿನಲ್ಲಿ ಹೇಳೋಕೆ ಹೋದರೆ ನೀವು ಮಾತು ತಿರುಗಿಸುತ್ತೀರ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಹೆಸರು ಹಾಕಬೇಡ ಅಂದಿರಿ, ಹಾಕಿಲ್ಲ. ಹಳೆಯ ಆಫೀಸಿನವರಿಗೆ ಹೇಗೂ ಗೊತ್ತಾಗುತ್ತದೆ. ನೀವೆಲ್ಲ ಬಿಡುವು ಮಾಡಿಕೊಂಡು ಅವರಿಗೊಂದು ಫೋನ್ ಮಾಡಿ. ಸಂಜೆಯಾದರೆ ಎತ್ತುತ್ತಾರೆ.