ಮಗಳಿಗೊಂದು ಪತ್ರ: ಬೋಟಿನಲ್ಲಿ ಪಕ್ಕದಲ್ಲಿ ಕೂತವರು

ಮಾರ್ಚ್ 2017

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅಳು ತಡೆದುಕೊಂಡು ಮಾತಾಡಿದ್ದು ನನಗೆ ಗೊತ್ತಾಯಿತು. ಅದಕ್ಕಿಂತ, ಕಳೆದ ಸೆಪ್ಟೆಂಬರ್‌ನಲ್ಲಿ ಬೋಟ್ ಅಪಘಾತದಲ್ಲಿ ಹೋದ ಮಯಾಮಿ ಮಾರ್ಲಿನ್ಸ್ ಬೇಸ್‌ಬಾಲ್ ತಂಡದ ಪಿಚರ್ (ಚೆಂಡು ಎಸೆಯುವವನು) ಹೊಸೆ ಫರ್ನಾಂಡೆಸ್ ಬಗ್ಗೆ ಆಮೇಲೆ ಅಂದ ಮಾತು ಜಾಸ್ತಿ ಚುಚ್ಚಿತು. "16ನೇ ನಂಬರಿನ ಜೆರ್ಸಿ ಬಿಸಾಡ್ತೀನಿ ಅಮ್ಮ, ಅವನಿಗೋಸ್ಕರ ಅತ್ತಿದ್ದೆಲ್ಲ ದಂಡ" ಅಂದೆ. ಅದರ ಬೆನ್ನಿಗೇ, ಸ್ಪ್ರಿಂಗ್ ಬ್ರೇಕ್‌ಗೆ ಗೆಳತಿಯ ಅಣ್ಣನ ಬೋಟಿನಲ್ಲಿ ರಾತ್ರಿ ಸುತ್ತಾಡೋಕೆ ಹೋಗ್ತೀವಿ ಅಂತಲೂ ಅಂದೆ. ಈ ಎರಡು ಮಾತು ಒಂದೇ ಬಾಯಿಂದ ಹೇಗೆ ಬಂತು ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ನಾನು ದನಿ ಏರಿಸಿದೆ, ನೀನು ಫೋನ್ ಇಟ್ಟೆ. ದನಿ ಏರಿಸಿದ್ದಕ್ಕೆ ಕ್ಷಮಿಸು. ಹೇಳಿದ ವಿಷಯ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲ್ಲ. ಬೋಟಿನ ಟ್ರಿಪ್ ಇರೋದು ಮುಂದಿನ ಶನಿವಾರ ತಾನೇ? ಅಷ್ಟರೊಳಗೆ ಈ ಪತ್ರ ನಿನ್ನ ಕೈ ಸೇರುತ್ತದೆ. ಪೂರ್ತಿ ಓದು.

ವರದಿ ಬಂದದ್ದನ್ನು ನಾನೂ ಓದಿದೆ. ಫ್ಲಾರಿಡಾದ ಮೀನು ಮತ್ತು ವನ್ಯಜೀವಿ ಆಯೋಗದವರು ಸೆಪ್ಟೆಂಬರ್‌ನಿಂದ ತನಿಖೆ ಮಾಡಿ, ಬೋಟ್ ಓಡಿಸುತ್ತಿದ್ದವನು ಹೊಸೆ ಫರ್ನಾಂಡೆಸ್ಸೇ ಅಂತ ಬರೆದಿದ್ದಾರೆ. ಮಯಾಮಿಯ ಹಡಗು ಕಾಲುವೆ ಗವರ್ನಮೆಂಟ್ ಕಟ್‌ನ ಬಾಯಲ್ಲಿರುವ ಕಲ್ಲಿನ ತಡೆಗೋಡೆಗೆ 32 ಅಡಿಯ ಬೋಟ್ ಗಂಟೆಗೆ ಸುಮಾರು 65 ಮೈಲಿ ವೇಗದಲ್ಲಿ ಹೋಗಿ ಬಡಿದಿದೆ. ರಾತ್ರಿ ಮೂರರ ಸುಮಾರು. ರಕ್ತದಲ್ಲಿ ಮದ್ಯದ ಪ್ರಮಾಣ 0.147, ಕಾನೂನಿನ ಮಿತಿ 0.08. ಕೊಕೇನ್ ಕೂಡ ಸಿಕ್ಕಿತ್ತು ಅನ್ನೋದು ಅಕ್ಟೋಬರ್‌ನಲ್ಲೇ ಗೊತ್ತಾಗಿತ್ತು. ಆಗ ನೀನು, "ಕುಡಿದಿದ್ದ ಸರಿ, ಆದರೆ ಓಡಿಸಿದವನು ಅವನೇ ಅಂತ ಯಾರು ಹೇಳಿದರು?" ಅಂತ ನನ್ನ ಜೊತೆ ವಾದ ಮಾಡಿದ್ದೆ. ಅವನ ಕಡೆಯ ವಕೀಲರು ಈಗಲೂ ಅದನ್ನೇ ಹೇಳುತ್ತಿದ್ದಾರೆ. ಅದು ಅವರ ಕೆಲಸ. ನೀನು ಮಾತ್ರ ನಿನ್ನೆ ವಾದ ಬಿಟ್ಟೆ, ಅದರ ಜೊತೆ ಅವನನ್ನೂ ಬಿಟ್ಟೆ.

ಅವನು ಹೋದ ಮರುದಿನ, ಆ ಸೋಮವಾರ, ಅವನ ತಂಡ ಆಡಿದ ಆಟದ ಬಗ್ಗೆ ನಾನು ಬರೆಯಲ್ಲ. ನೀನು ಅಲ್ಲಿ, ನಾನಿಲ್ಲಿ, ಫೋನ್ ಕಿವಿಗಿಟ್ಟುಕೊಂಡೇ ನೋಡಿದೆವು. ಇಡೀ ತಂಡ 16 ಹಾಕಿಕೊಂಡಿತ್ತು. ಎಡಗೈ ಬ್ಯಾಟ್ಸ್‌ಮನ್ ಡೀ ಗಾರ್ಡನ್ ಮೊದಲ ಎಸೆತಕ್ಕೆ ಬಲಗಡೆ ನಿಂತದ್ದು ಹೊಸೆಯ ಗೌರವಕ್ಕೆ ಅಂತ ನೀನೇ ಹೇಳಿಕೊಟ್ಟೆ. ಆಮೇಲೆ ಅವನು ಹೋಮ್ ರನ್ ಹೊಡೆದು ಅಳುತ್ತಾ ಓಡಿದಾಗ ನಾವಿಬ್ಬರೂ ಮಾತಾಡಲಿಲ್ಲ. ಅಷ್ಟು ಸಾಕು.

ನನ್ನನ್ನು ಬಿಡದೆ ಕಾಡುವುದು ಬೇರೆಯೇ. ಅವನ ಅಮ್ಮ.

2008ರಲ್ಲಿ ಅವನಿಗೆ 15 ವರ್ಷ. ಕ್ಯೂಬಾದ ಸಾಂತಾ ಕ್ಲಾರಾದ ಹುಡುಗ. ಅದಕ್ಕೂ ಮೊದಲು ಮೂರು ಸಲ ಸಮುದ್ರ ದಾಟಲು ಹೋಗಿ ಆಗಿರಲಿಲ್ಲ, ಜೈಲನ್ನೂ ಕಂಡಿದ್ದ. ಆ ವಯಸ್ಸಿನಲ್ಲಿ ನೀನು ಹೋಮ್‌ವರ್ಕ್ ಮಾಡದೆ ಜಗಳ ಆಡುತ್ತಿದ್ದೆ. ನಾಲ್ಕನೇ ಸಲ ಅಮ್ಮನ ಜೊತೆ ಬೋಟ್ ಹತ್ತಿದ. ರಾತ್ರಿ, ದೊಡ್ಡ ಅಲೆಗಳು. ಯಾರೋ ನೀರಿಗೆ ಬಿದ್ದ ಸದ್ದಾಯಿತು. ಯಾರು ಅಂತ ನೋಡದೆ ಇವನು ಹಾರಿದ. ಹತ್ತಿರ ಹೋಗಿ ಹಿಡಿದಾಗ ಗೊತ್ತಾಯಿತು, ಬಿದ್ದಿದ್ದು ಅಮ್ಮ ಅಂತ. ಅವಳನ್ನು ಎಳೆದುಕೊಂಡು ಆ ಅಲೆಗಳಲ್ಲಿ ಬೋಟಿನ ತನಕ ಈಜಿದ. ಈ ಕಥೆಯನ್ನು ಅವನೇ ಎಷ್ಟೋ ಸಲ ಹೇಳಿದ್ದ. ನನಗೆ ಮೊದಲು ಹೇಳಿದ್ದು ನೀನು, ಅವನು ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದ 2013ರಲ್ಲಿ. "ಅಮ್ಮ, ಯಾರು ಅಂತ ಗೊತ್ತಿಲ್ಲದೆ ಹಾರಿದ, ಅದೇ ದೊಡ್ಡದು" ಅಂದಿದ್ದೆ. ನಿನಗೆ ಆ ಹುಡುಗ ಕಂಡ. ನನಗೆ ಅವತ್ತಿನಿಂದಲೂ ಕಾಣುವುದು ನೀರಿನಲ್ಲಿದ್ದ ಹೆಂಗಸು.

ಅವಳು ನೀರಿನಲ್ಲಿ ಏನು ಅಂದುಕೊಂಡಿರಬಹುದು? ಮಗನೇ ಬರುತ್ತಿದ್ದಾನೆ ಅಂತ ಗೊತ್ತಾದ ಗಳಿಗೆಯಲ್ಲಿ ಸಂತೋಷ ಆಗಿರುತ್ತದೆಯೇ? ನನಗಾದರೆ ಭಯ ಆಗುತ್ತಿತ್ತು. ವಾಪಸ್ ಹೋಗು ಅಂತ ಕಿರುಚುತ್ತಿದ್ದೆ. ನನಗೆ ಈಜು ಬರಲ್ಲ, ನಿನಗೆ ಗೊತ್ತು. ನಾನು ಬಿದ್ದರೆ ನೀನು ಹಾರಬೇಡ. ಇದನ್ನು ನಾನು ಆಗಲೇ ಹೇಳಬೇಕು ಅಂದುಕೊಂಡಿದ್ದೆ, ಹದಿನಾರರ ಹುಡುಗಿಗೆ ಇದನ್ನೆಲ್ಲ ಯಾಕೆ ಹೇಳೋದು ಅಂತ ಸುಮ್ಮನಾದೆ. ಈಗ ಹೇಳುತ್ತಿದ್ದೇನೆ. ಮೊದಲು ತೇಲುವ ಏನನ್ನಾದರೂ ನನ್ನ ಕಡೆ ಎಸೆ. ನನ್ನ ಮೇಲಿಂದ ಕಣ್ಣು ತೆಗೆಯಬೇಡ, ಬೆರಳು ತೋರಿಸುತ್ತಲೇ ಇರು, ಬೇರೆಯವರು ಬೋಟ್ ತಿರುಗಿಸಲಿ. ಹಾರಬೇಡ. ನೀನು ಹಾರುತ್ತೀಯ ಅಂತಲೂ ನನಗೆ ಗೊತ್ತು. ಅದು ನೆನೆಸಿಕೊಂಡರೆ ಎದೆ ಉಬ್ಬುತ್ತದೆ, ಕೋಪವೂ ಬರುತ್ತದೆ.

ಆ ತಾಯಿ ಬದುಕಿದಳು. ಮೆಕ್ಸಿಕೋ ದಾಟಿ, ಟೆಕ್ಸಸ್ ಮೂಲಕ ಟ್ಯಾಂಪಾಕ್ಕೆ ಬಂದರು. ಎಂಟು ವರ್ಷ ಕಳೆಯಿತು. ತನ್ನನ್ನು ನೀರಿನಿಂದ ಎತ್ತಿದ ಮಗ ನೀರಿನಲ್ಲೇ ಹೋದ ಅಂತ ಅದೇ ತಾಯಿ ಕೇಳಬೇಕಾಯಿತು. ಅವನಿಗೆ 24 ವರ್ಷ. ಆ ವಾರದಲ್ಲೇ ತಾನು ತಂದೆಯಾಗುತ್ತಿದ್ದೇನೆ ಅಂತ ಎಲ್ಲರಿಗೂ ಹೇಳಿದ್ದ. ಆ ಮಗು ಕಳೆದ ತಿಂಗಳು ಹುಟ್ಟಿತು, ಹೆಣ್ಣು ಮಗು. ವರದಿಯ ಸುದ್ದಿ ಓದುವಾಗ ನನ್ನ ತಲೆಯಲ್ಲಿ ಇದ್ದದ್ದು ಆ ಅಜ್ಜಿ. ಇವತ್ತು ಅವಳ ಮನೆಯಲ್ಲಿ ಟಿವಿ ಹಾಕಿರುತ್ತಾರೋ ಆರಿಸಿರುತ್ತಾರೋ?

ಅವನ ಪಿಚಿಂಗ್ ಸರದಿ ಮೊದಲು ಭಾನುವಾರವೇ ಇತ್ತು. ಅದನ್ನು ಸೋಮವಾರಕ್ಕೆ ಹಾಕಿದರು. ಹಾಕದೆ ಇದ್ದಿದ್ದರೆ ಶನಿವಾರ ರಾತ್ರಿ ಮನೆಯಲ್ಲಿ ಮಲಗಿರುತ್ತಿದ್ದ, ಅಲ್ವಾ? ಆ ತಾಯಿ ಇದನ್ನು ದಿನವೂ ಲೆಕ್ಕ ಹಾಕುತ್ತಿರುತ್ತಾಳೆ. ನಾನೇ ಇಷ್ಟು ಸಲ ಹಾಕಿದ್ದೇನೆ, ಅವಳು ಹಾಕದೆ ಇರುತ್ತಾಳೆಯೇ?

ಸರಿ, ಜೆರ್ಸಿಯ ವಿಷಯ. ಅದು ನಿನ್ನದು, ಏನು ಬೇಕಾದರೂ ಮಾಡು. ಆದರೆ ಅತ್ತಿದ್ದು ದಂಡ ಅನ್ನಬೇಡ. 2014ರಲ್ಲಿ ಅವನ ಮೊಣಕೈಗೆ ಟಾಮಿ ಜಾನ್ ಸರ್ಜರಿ ಆದಾಗ, ಹರಿದ ಅಸ್ಥಿರಜ್ಜಿನ ಬದಲು ಬೇರೆ ಕಡೆಯ ಸ್ನಾಯುತಂತು ಹಾಕುತ್ತಾರೆ ಅಂತ ನೀನು ನನಗೆ ಪೇಪರಿನ ಮೇಲೆ ಬರೆದು ತೋರಿಸಿದ್ದೆ. ಒಂದು ವರ್ಷದ ಮೇಲೆ ಅವನು ವಾಪಸ್ ಬಂದ. ಮರುವರ್ಷ 253 ಸಲ ಎದುರಾಳಿ ಬ್ಯಾಟರ್‌ಗಳನ್ನು ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ. ನೀನು ಫಿಸಿಯೋಥೆರಪಿ ಓದುತ್ತೇನೆ ಅಂದಿದ್ದು ಅದನ್ನು ನೋಡಿಯೇ. ಅವನು ಕೊನೆಯದಾಗಿ ಆಡಿದ್ದು ಸೆಪ್ಟೆಂಬರ್ 20ಕ್ಕೆ, ವಾಷಿಂಗ್ಟನ್ ವಿರುದ್ಧ. ಎಂಟು ಇನ್ನಿಂಗ್ಸ್, 12 ಸ್ಟ್ರೈಕ್ ಔಟ್, ಒಂದು ರನ್ನೂ ಕೊಡಲಿಲ್ಲ. ಆ ಆಟ ಆಡಿದವನೂ ಅವನೇ, ಐದು ದಿನ ಬಿಟ್ಟು ಕುಡಿದು ಕತ್ತಲಲ್ಲಿ ಬೋಟ್ ಓಡಿಸಿದವನೂ ಅವನೇ. ಎರಡರಲ್ಲಿ ಒಂದು ಸುಳ್ಳಾಗಬೇಕು ಅಂತ ನೀನು ಯಾಕೆ ಹಟ ಹಿಡಿಯುತ್ತೀಯ? ಅವನ ಮೇಲೆ ಕೋಪ ಮಾಡಿಕೋ. ನನಗೂ ಇದೆ. ಆ ಕೋಪ ಬರುವುದೇ ಅವನು ಇರಬೇಕಿತ್ತು ಅಂತ ಅನ್ನಿಸುವುದರಿಂದ.

ಅವನ ಅಂತಿಮ ಯಾತ್ರೆ ಸ್ಟೇಡಿಯಂನಿಂದ ಹೊರಟು ಲಾ ಎರ್ಮಿಟಾಗೆ ಹೋಯಿತು, ನೆನಪಿದೆಯಾ? ಬಿಸ್ಕೇನ್ ಕೊಲ್ಲಿಯ ದಡದಲ್ಲಿ ಕ್ಯೂಬಾದಿಂದ ಬಂದವರು ಕಟ್ಟಿಕೊಂಡ ಮಂದಿರ. ಅಲ್ಲಿರುವುದು ಅವರ ಕರುಣೆಯ ತಾಯಿ. ಆ ತಾಯಿಯ ಚಿತ್ರದಲ್ಲಿ ಯಾವಾಗಲೂ ಕಾಲಬುಡದಲ್ಲಿ ಒಂದು ದೋಣಿ ಇರುತ್ತದೆ, ಅದರಲ್ಲಿ ಮೂರು ಜನ. ಸುಮಾರು 400 ವರ್ಷದ ಹಿಂದೆ ಸಮುದ್ರದಲ್ಲಿ ಆ ಮೂವರಿಗೆ ಅವಳ ಮೂರ್ತಿ ಸಿಕ್ಕಿತಂತೆ. ಬಿರುಗಾಳಿಯಲ್ಲಿ ಅವರನ್ನು ಕಾಪಾಡಿದಳು ಅಂತ ನಂಬಿಕೆ. ಆ ಬೋಟಿನಲ್ಲೂ ಮೂರು ಜನ ಇದ್ದರು ಪುಟ್ಟಿ.

ನಾನು ಇಷ್ಟು ಸುತ್ತಿ ಬರೆಯುತ್ತಿರುವುದು ಈ ಮಾತಿಗೆ ಬರೋಕೆ. ಇನ್ನಿಬ್ಬರು ಹುಡುಗರು. ಒಬ್ಬನಿಗೆ 25 ವರ್ಷ, ಇನ್ನೊಬ್ಬನಿಗೆ 27. ಅವರ ಮುಖ ಇರುವ ಜೆರ್ಸಿ ಯಾರೂ ಹಾಕಿಕೊಳ್ಳಲಿಲ್ಲ. ಸ್ಟೇಡಿಯಂನ ಮುಂದೆ ರಾಶಿ ಬಿದ್ದ ಹೂವಿನಲ್ಲಿ ಅವರಿಗೆ ಅಂತ ಎಷ್ಟು ಇತ್ತೋ. ಅವರ ಮನೆಯವರು ಈಗ ಕೋರ್ಟಿಗೆ ಹೋಗಿದ್ದಾರೆ, ಅದಕ್ಕೂ ಜನ ಆಡಿಕೊಳ್ಳುತ್ತಾರೆ. ಆರು ತಿಂಗಳಿಂದ ನಾವಿಬ್ಬರೂ ಹೊಸೆ, ಹೊಸೆ ಅಂತಲೇ ಮಾತಾಡಿದ್ದೇವೆ.

ನನ್ನ ಭಯ ಕೇಳು. ನೀನು ಕುಡಿದು ಏನಾದರೂ ಓಡಿಸುತ್ತೀಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ನಿನ್ನನ್ನು ನಾನು ಬಲ್ಲೆ. ನೀನು ಪಕ್ಕದಲ್ಲಿ ಕೂತವಳಾಗುತ್ತೀಯ. ಓಡಿಸುವವನು ಎರಡು ಕ್ಯಾನ್ ಖಾಲಿ ಮಾಡಿರುವುದು ನಿನಗೆ ಕಾಣುತ್ತದೆ. ಎಲ್ಲರೂ ನಗುತ್ತಿರುತ್ತಾರೆ, ಬೋಟ್ ಅವನದು, ಕರೆದುಕೊಂಡು ಬಂದವನು ಅವನು, ಈಗ ಹೇಳಿದರೆ ಎಲ್ಲರ ಸಂತೋಷ ಹಾಳಾಗುತ್ತದೆ ಅಂತ ಸುಮ್ಮನೆ ಕೂರುತ್ತೀಯ. ಚಿಕ್ಕಂದಿನಿಂದ ನೀನು ಹಾಗೆಯೇ. ಬೇರೆಯವರಿಗೆ ಬೇಜಾರಾಗಬಾರದು ಅಂತ ನಿನ್ನ ಪಾಲಿನದನ್ನೂ ಬಿಟ್ಟುಕೊಡುತ್ತೀಯ. ಒಳ್ಳೆಯ ಹುಡುಗಿ ಅಂತ ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ. ಆ ಒಳ್ಳೆಯತನ ಬೋಟಿನಲ್ಲಿ ಬೇಡ. ಹಾಳಾಗಲಿ ಅವರ ಸಂತೋಷ. ದಡದಲ್ಲಿ ಇಳಿದುಬಿಡು, ಟ್ಯಾಕ್ಸಿ ಮಾಡಿಕೊಂಡು ಬಾ, ಎಷ್ಟಾದರೂ ನಾನು ಕೊಡುತ್ತೇನೆ. ಗೆಳತಿ ಮಾತು ಬಿಟ್ಟರೆ ಬಿಡಲಿ.

ಇನ್ನು ಉಪದೇಶ. ಬೇಡ ಅಂದರೂ ಬರುತ್ತದೆ, ಕೇಳಿಸಿಕೋ. ಬೋಟಿಗೆ ಕಾರಿನ ಹಾಗೆ ಬ್ರೇಕ್ ಇಲ್ಲ. ಎದುರಿಗೆ ಬಂಡೆ ಕಂಡ ಮೇಲೆ ಕಾಲು ಒತ್ತಿ ನಿಲ್ಲಿಸಲು ಆಗಲ್ಲ. ಬೀದಿದೀಪ ಇಲ್ಲ, ಗೆರೆ ಇಲ್ಲ. ಊರಿನ ದೀಪಗಳು ಹಿಂದಿನಿಂದ ಹೊಳೆಯುವಾಗ ಮುಂದಿರುವ ಕಲ್ಲು ಅದರೊಳಗೆ ಕಳೆದುಹೋಗುತ್ತದೆ. ಸಮುದ್ರದಿಂದ ಕಾಲುವೆಯೊಳಗೆ ಬರುವಾಗ ಕೆಂಪು ಗುರುತು ಬಲಕ್ಕೆ ಇರಬೇಕು, ಹಸಿರು ಎಡಕ್ಕೆ. ಇದು ಆ ಹುಡುಗನಿಗೆ ಗೊತ್ತಿದೆಯಾ ಅಂತ ಕೇಳು. 1988ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಫ್ಲಾರಿಡಾದಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚಿನ ಅಶ್ವಶಕ್ತಿಯ ಬೋಟ್ ಓಡಿಸಲು ಸುರಕ್ಷತಾ ಕೋರ್ಸ್ ಮಾಡಿದ ಕಾರ್ಡ್ ಇಟ್ಟುಕೊಂಡಿರಬೇಕು. ಅದನ್ನೂ ಕೇಳು. 21 ತುಂಬದವರಿಗೆ ಮದ್ಯದ ಮಿತಿ 0.08 ಅಲ್ಲ, 0.02. ದೊಡ್ಡವರು ಲೈಫ್ ಜಾಕೆಟ್ ಹಾಕಿಕೊಳ್ಳಲೇಬೇಕು ಅಂತ ಕಾನೂನು ಹೇಳಲ್ಲ, ಬೋಟಿನಲ್ಲಿ ತಲೆಗೊಂದು ಇದ್ದರೆ ಸಾಕು ಅನ್ನುತ್ತದೆ. ನಾನು ಹಾಕಿಕೋ ಅನ್ನುತ್ತೇನೆ. ಆ ರಾತ್ರಿ ಮೂವರಲ್ಲಿ ಯಾರೂ ಹಾಕಿಕೊಂಡಿರಲಿಲ್ಲ. ಅಷ್ಟು ಜೋರಾಗಿ ಬಡಿದ ಮೇಲೆ ಅದರಿಂದ ಏನೂ ಆಗುತ್ತಿರಲಿಲ್ಲ ಅಂತ ನೀನು ಅನ್ನಬಹುದು. ಇರಬಹುದು. ಆದರೂ ಹಾಕಿಕೋ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ತೆಗೆಯಬೇಡ.

ನೋಡು, ಹೋಗಬೇಡ ಅಂತ ಬರೆಯೋಕೆ ಕೂತಿದ್ದೆ. ಹಾಗೆ ಬರೆದರೆ ನೀನು ಹೇಳದೆ ಹೋಗುತ್ತೀಯ. ನಿನಗೆ ಇಪ್ಪತ್ತು ವರ್ಷ. ನೀರಿನ ಮೇಲೆ ರಾತ್ರಿ ಎಷ್ಟು ಚೆನ್ನಾಗಿರುತ್ತದೆ ಅಂತ ನನಗೂ ಗೊತ್ತಿದೆ. ಅವನಿಗೂ ಅದೇ ಇಷ್ಟ ಇತ್ತು, ಜೈಲು, ಅಲೆ ಎಲ್ಲ ದಾಟಿದ ಮೇಲೂ ಸಮುದ್ರದ ಮೇಲೆ ಪ್ರೀತಿ ಹೋಗಿರಲಿಲ್ಲ. ಹಗಲಿನಲ್ಲಿ ಹೋಗಿ ಅಂತ ಕೇಳುತ್ತಿದ್ದೇನೆ. ಸೂರ್ಯ ಮುಳುಗುವ ಮೊದಲು ದಡಕ್ಕೆ ಬನ್ನಿ.

ಆ ಅಣ್ಣನ ಹೆಸರು, ನಂಬರು, ಯಾವ ಮರೀನಾದಿಂದ ಹೊರಡುತ್ತೀರಿ, ಎಷ್ಟು ಹೊತ್ತಿಗೆ ವಾಪಸ್, ಎಲ್ಲ ನನಗೆ ಮೆಸೇಜ್ ಮಾಡು. ಬೋಟಿನಲ್ಲಿ ಕುಡಿಯದೆ ಇರುವವರು ಯಾರು ಅಂತ ಹೊರಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ, ಅವರ ಹೆಸರನ್ನೂ ಬರೆ. ಯಾರೂ ಸಿಗದಿದ್ದರೆ ನೀನು ಹೋಗುವುದಿಲ್ಲ, ಇಷ್ಟು ಮಾತ್ರ ನನಗೆ ಮಾತು ಕೊಡು. ಸಿಟ್ಟು ಇನ್ನೂ ಇಳಿದಿಲ್ಲದಿದ್ದರೆ ಅಪ್ಪನಿಗೆ ಫೋನ್ ಮಾಡಿ ಹೇಳು, ಪರವಾಗಿಲ್ಲ.

ಅಮ್ಮ