‘ಮತ್ತಿತರರು’ ಪಟ್ಟಿಗೆ ಸೇರಿಸುವ ನಟನಲ್ಲ ಯಿಂಗ್ ರುವೊಚೆಂಗ್

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಚೀನಾದ ಕೊನೆಯ ಚಕ್ರವರ್ತಿ ಪೂಯಿಯ ಕಥೆ ಹೇಳುವ ‘ದಿ ಲಾಸ್ಟ್ ಎಂಪರರ್’ ಚಿತ್ರದ ಬಗ್ಗೆ ಬಂದ ಲೇಖನ ಓದಿದೆ. ನಿರ್ದೇಶಕ ಬೆರ್ತೊಲುಚಿ, ಛಾಯಾಗ್ರಹಣ, ಸಂಗೀತ, ಅರಮನೆಯ ಒಳಗೇ ನಡೆದ ಚಿತ್ರೀಕರಣ, ಬಂದ 9 ಆಸ್ಕರ್‌ಗಳು, ಎಲ್ಲದರ ಪ್ರಸ್ತಾಪವೂ ಇತ್ತು. ಜೈಲಧಿಕಾರಿಯ ಪಾತ್ರ ಮಾಡಿದವರು ಮಾತ್ರ ‘ಮತ್ತಿತರರು’ ಎಂಬ ಪದದೊಳಗೆ ಸೇರಿಹೋಗಿದ್ದರು. ಅವರ ಹೆಸರು ಯಿಂಗ್ ರುವೊಚೆಂಗ್. ಬೀಜಿಂಗ್‌ನ ರಂಗಭೂಮಿಯಲ್ಲಿ ನಾಲ್ಕು ದಶಕ ದುಡಿದ ನಟ. ಅವರ ಬಗ್ಗೆ ನಾಲ್ಕು ಮಾತು ಹೇಳದೆ ಸುಮ್ಮನಿರಲು ನನಗೆ ಮನಸ್ಸಾಗುತ್ತಿಲ್ಲ.

ಚಿತ್ರದ ಕೊನೆಯ ಭಾಗದ ಒಂದು ದೃಶ್ಯವನ್ನು ಓದುಗರು ನೆನಪಿಸಿಕೊಳ್ಳಬೇಕು. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ದಿನಗಳು. ಚಕ್ರವರ್ತಿಯಾಗಿದ್ದ ಪೂಯಿ ಈಗ ತೋಟದ ಮಾಲಿ. ಬೀದಿಯಲ್ಲಿ ಮಾವೋ ಅನುಯಾಯಿಗಳಾದ ಎಳೆಯ ವಯಸ್ಸಿನ ರೆಡ್ ಗಾರ್ಡ್‌ಗಳ ಮೆರವಣಿಗೆ ಬರುತ್ತದೆ. ತಲೆಗೆ ಕಾಗದದ ಉದ್ದ ಟೋಪಿ ತೊಡಿಸಿ ಎಳೆದೊಯ್ಯುತ್ತಿರುವವರ ನಡುವೆ, ಹಿಂದೆ ಸೆರೆಯಲ್ಲಿದ್ದಾಗ ತನ್ನನ್ನು ತಿದ್ದಿದ ಜೈಲಧಿಕಾರಿಯೂ ಇರುವುದನ್ನು ಪೂಯಿ ಕಾಣುತ್ತಾನೆ. ಇವರು ಒಳ್ಳೆಯ ಗುರುಗಳು ಎಂದು ಅಂಗಲಾಚುತ್ತಾನೆ. ಅವನನ್ನೂ ತಳ್ಳಿಬಿಡುತ್ತಾರೆ. ಆ ಟೋಪಿಯ ಕೆಳಗಿದ್ದ ಮುಖ ಯಿಂಗ್ ಅವರದು. 1968ರಲ್ಲಿ ಅವರನ್ನೂ ಅವರ ಪತ್ನಿ ವೂ ಷಿಲಿಯಾಂಗ್ ಅವರನ್ನೂ ನಿಜವಾಗಿಯೇ ಬಂಧಿಸಲಾಗಿತ್ತು. ಯಿಂಗ್ ಮೂರು ವರ್ಷ ಸೆರೆಮನೆಯಲ್ಲಿದ್ದರು. ಪೂಯಿಯಂತೆ ಅವರೂ ಮಂಚು ಜನಾಂಗದವರು. ಇನ್ನೊಂದು ಸಂಗತಿ: ಚಿತ್ರ ತಯಾರಾಗುವ ಹೊತ್ತಿಗೆ ಅವರು ಚೀನಾದ ಸಂಸ್ಕೃತಿ ಇಲಾಖೆಯ ಉಪಸಚಿವರು. ಕೈದಿಯಾಗಿದ್ದವರು, ಉಪಸಚಿವರಾಗಿದ್ದವರು, ಪರದೆಯ ಮೇಲೆ ಜೈಲಧಿಕಾರಿಯಾಗಿ, ಮತ್ತೆ ಅಪಮಾನಿತನಾಗಿ ನಿಂತಿದ್ದಾರೆ. ಇಷ್ಟನ್ನು ತಿಳಿದು ಆ ದೃಶ್ಯ ನೋಡಿದರೆ ಆ ಮುಖದಿಂದ ಕಣ್ಣು ಕೀಳಲಾಗುವುದಿಲ್ಲ. ಅಲ್ಲಿ ಅವರು ಒಂದಿಷ್ಟೂ ಅತಿ ಮಾಡುವುದಿಲ್ಲ.

ಯಿಂಗ್ ಹುಟ್ಟಿದ್ದು 1929ರಲ್ಲಿ, ಬೀಜಿಂಗ್‌ನಲ್ಲಿ. ಅಜ್ಜ ಪತ್ರಿಕೆ ಸ್ಥಾಪಿಸಿದವರು, ತಂದೆ ಪ್ರಾಧ್ಯಾಪಕರು. ಚಿಂಗ್‌ಹ್ವಾ ವಿಶ್ವವಿದ್ಯಾಲಯದಲ್ಲಿ ವಿದೇಶಿ ಸಾಹಿತ್ಯ ಓದಿ, 1950ರಲ್ಲಿ ಬೀಜಿಂಗ್ ಜನಕಲಾ ರಂಗಮಂದಿರವನ್ನು ಸೇರಿದರು. ಅಲ್ಲಿ ಚೀನೀ ಲೇಖಕ ಲಾವೊ ಷೆ ಅವರ ರಿಕ್ಷಾ ಎಳೆಯುವವನ ಕಾದಂಬರಿ ನಾಟಕವಾದಾಗ, ಇನ್ನೂ ಮೂವತ್ತು ತುಂಬದ ಯಿಂಗ್ ರಿಕ್ಷಾ ಬಾಡಿಗೆಗೆ ಕೊಡುವ ಮುದುಕನ ಪಾತ್ರ ಹಾಕಿ ಹೆಸರು ಮಾಡಿದರು.

ಮರುವರ್ಷ, 1958ರಲ್ಲಿ, ಅದೇ ಲೇಖಕರ ‘ಟೀಹೌಸ್’ ರಂಗಕ್ಕೆ ಬಂತು. ಒಂದು ಚಹಾದಂಗಡಿ, ಮೂರು ಅಂಕ, ಸುಮಾರು ಐವತ್ತು ವರ್ಷಗಳ ಚೀನಾ. ಇದರಲ್ಲಿ ಯಿಂಗ್ ಮಾಡಿದ್ದು ಮೈಲಿಕಲೆ ಮುಖದ ಲಿಯು ಎಂಬ ದಲ್ಲಾಳಿಯ ಪಾತ್ರ. ಹಸಿವಿನಿಂದ ಕಂಗಾಲಾದ ರೈತನೊಬ್ಬ ಹದಿನೈದರ ಮಗಳನ್ನು ಮಾರಲು ಬಂದಾಗ ಅವನ ಕೈಗೆ ಹತ್ತು ಟೇಲ್ (ಚೀನಾದ ಹಳೆಯ ತೂಕದ ಅಳತೆ) ಬೆಳ್ಳಿ ಇಡುವ ಮಾತಾಡಿ, ಅದೇ ಹುಡುಗಿಯನ್ನು ಅರಮನೆಯ ಮುದಿ ನಪುಂಸಕನಿಗೆ ಇನ್ನೂರಕ್ಕೆ ಒಪ್ಪಿಸುವವನು. ಕೊನೆಯ ಅಂಕದಲ್ಲಿ ಆ ದಲ್ಲಾಳಿಯ ಮಗ ಬರುತ್ತಾನೆ. ಅಪ್ಪನ ದಂಧೆಯನ್ನೇ ಕಂಪನಿ ಮಾಡಿ ನಡೆಸುವ ಯೋಜನೆ ಅವನದು. ಅಪ್ಪ ಮಗ ಇಬ್ಬರನ್ನೂ ಯಿಂಗ್ ಅವರೇ ಅಭಿನಯಿಸಿದರು. ನಾಟಕ ಬರೆದ ಲಾವೊ ಷೆ 1966ರಲ್ಲಿ ರೆಡ್ ಗಾರ್ಡ್‌ಗಳ ಹೊಡೆತ ತಿಂದು, ಬೀಜಿಂಗ್‌ನ ಕೆರೆಯೊಂದರಲ್ಲಿ ಹೆಣವಾದರು. ನಾಟಕ ಮತ್ತೆ ರಂಗಕ್ಕೆ ಬಂದದ್ದು 1979ರಲ್ಲಿ. ಮರುವರ್ಷ ತಂಡ ಪಶ್ಚಿಮ ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗೆ ಹೋಯಿತು. ನಾಟಕವನ್ನು ಇಂಗ್ಲಿಷಿಗೆ ತಂದವರಲ್ಲಿ ಯಿಂಗ್ ಕೂಡ ಒಬ್ಬರು.

ನಾನು ವಿಮಾ ಏಜೆಂಟನಾಗಿ ಬದುಕು ಸಾಗಿಸಿದವನು. ಸಾಗರದ ಸುತ್ತಮುತ್ತಲ ಹಳ್ಳಿಗಳಿಗೆ ಚೀಲ ಹೆಗಲಿಗೇರಿಸಿ ಬಸ್ಸಿನಲ್ಲಿ ಓಡಾಡಿದ್ದೇನೆ. ಸಂಜೆ ಹವ್ಯಾಸಿ ತಂಡದ ತಾಲೀಮು. ಹೆಚ್ಚಾಗಿ ನನ್ನದು ಸೈಡ್‌ವಿಂಗಿನಲ್ಲಿ ನಿಂತು ಮಾತು ಹೇಳಿಕೊಡುವ ಕೆಲಸ. ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕ ಓದಿದಾಗ ಮೈ ಜುಮ್ಮೆಂದಿತ್ತು. ಕಂತು ಕಟ್ಟಬೇಕು, ಗಡುವು ದಾಟಿದೆ, ಈಗ ಗ್ರೇಸ್ ಅವಧಿ ನಡೆಯುತ್ತಿದೆ ಎಂದು ಗಂಡನಿಗೆ ನೆನಪಿಸುವ ಲಿಂಡಾಳಂಥ ಗೃಹಿಣಿಯರನ್ನು ನಾನು ಜಗುಲಿ ಜಗುಲಿಯಲ್ಲಿ ಕಂಡಿದ್ದೇನೆ. ಯಿಂಗ್ ಅವರ ಪರಿಚಯವಾದದ್ದೂ ಈ ನಾಟಕದಿಂದಲೇ.

1983ರಲ್ಲಿ ಮಿಲ್ಲರ್ ತಾವೇ ಬೀಜಿಂಗ್‌ಗೆ ಹೋಗಿ ಈ ನಾಟಕವನ್ನು ಚೀನೀ ನಟರಿಂದ ಆಡಿಸಿದರು. ಅವರಿಗೆ ಚೀನೀ ಭಾಷೆ ಬಾರದು. ನಾಟಕವನ್ನು ಅನುವಾದಿಸಿದವರು ಯಿಂಗ್, ಲಿಂಡಾಳ ಗಂಡ, ನಾಟಕದ ಸೇಲ್ಸ್‌ಮನ್ ವಿಲ್ಲಿ ಲೋಮನ್ ಪಾತ್ರ ಮಾಡಿದವರು ಯಿಂಗ್, ತಾಲೀಮಿನಲ್ಲಿ ಮಿಲ್ಲರ್ ಹೇಳಿದ್ದನ್ನು ಉಳಿದ ನಟರಿಗೆ ದಾಟಿಸಿದವರೂ ಬಹುಪಾಲು ಯಿಂಗ್. ಪಾಶ್ಚಾತ್ಯ ಪಾತ್ರ ಎಂದರೆ ಹೊಂಬಣ್ಣದ ವಿಗ್ಗು, ಬಿಳಿ ಬಳಿದ ಮುಖ ಎನ್ನುವುದು ಅಲ್ಲಿನ ರೂಢಿಯಾಗಿತ್ತು. ಮಿಲ್ಲರ್ ಅದನ್ನು ಬಿಡಿಸಿದರು. ಅಮೆರಿಕನ್ನರನ್ನು ಅನುಕರಿಸಬೇಡಿ, ನೀವು ನೀವಾಗಿಯೇ ಇರಿ ಎಂಬುದು ಅವರ ಪಟ್ಟು. ಹಾಗಿರಬೇಕಾದರೆ ನಟರ ಬಾಯಲ್ಲಿ ಬರುವ ಮಾತೂ ಬೀಜಿಂಗ್‌ನ ಬೀದಿಯ ಮಾತೇ ಆಗಿರಬೇಕಲ್ಲವೇ? ಯಿಂಗ್ ಅನುವಾದಿಸಿದ್ದು ಆ ಆಡುನುಡಿಗೆ. ಆಗಿನ ಚೀನಾದಲ್ಲಿ ವಿಲ್ಲಿಯಂಥ ಸೇಲ್ಸ್‌ಮನ್ ಎಂಬ ಕಸುಬೇ ಇರಲಿಲ್ಲ. ಆದರೂ ಮೇ 7ರಂದು ರಾಜಧಾನಿ ರಂಗಮಂದಿರದಲ್ಲಿ ತೆರೆ ಎದ್ದ ಮೇಲೆ ನಾಟಕ ಗೆದ್ದಿತು. ಲಿಂಡಾ ಆಗಿ ಝೂ ಲಿನ್ ಎಂಬ ದೊಡ್ಡ ನಟಿ ಜೊತೆಗಿದ್ದರು. ಮಿಲ್ಲರ್ ಆ ದಿನಗಳ ದಿನಚರಿಯನ್ನು ಪುಸ್ತಕವಾಗಿ ಪ್ರಕಟಿಸಿದ್ದಾರೆ.

ಮಾಲೀಕನ ಮುಂದೆ ವಿಲ್ಲಿ ಕೆಲಸಕ್ಕಾಗಿ ಬೇಡುವ ದೃಶ್ಯವನ್ನೇ ನೋಡಿ. ಮಾಲೀಕ ಹೊಸ ಧ್ವನಿಮುದ್ರಣ ಯಂತ್ರ ತಂದಿದ್ದಾನೆ, ಅದರಲ್ಲಿ ತನ್ನ ಮಕ್ಕಳ ದನಿ ಕೇಳಿಸುತ್ತಾ ಮೈಮರೆತಿದ್ದಾನೆ. ವಿಲ್ಲಿ ವಾರಕ್ಕೆ 65 ಡಾಲರ್ ಕೊಟ್ಟರೆ ಸಾಕು ಎನ್ನುತ್ತಾನೆ. ಆಮೇಲೆ 50. ಆಮೇಲೆ 40. ಬೇಡುವ ಮನುಷ್ಯ ಲೆಕ್ಕ ಇಳಿಸುತ್ತಾ ಹೋದಂತೆ ಮಾತಿನ ಉಸಿರೂ ಇಳಿಯಬೇಕು. ಇದನ್ನು ಪುಸ್ತಕದ ಭಾಷೆಯಲ್ಲಿ ಆಡಲಾಗದು. ಯಾವ ಮಾತಿನಲ್ಲಿ ನಟ ತಡವರಿಸುತ್ತಾನೆ ಎನ್ನುವುದು ಸೈಡ್‌ವಿಂಗಿನಲ್ಲಿ ನಿಂತವರಿಗೆ ಮೊದಲು ಗೊತ್ತಾಗುತ್ತದೆ. ನಾನು ಕಂಡಂತೆ, ಅನುವಾದಿತ ನಾಟಕದಲ್ಲಿ ನಟರು ಮರೆಯುವುದು ಉದ್ದದ ಮಾತನ್ನಲ್ಲ, ಮನೆಯಲ್ಲಿ ಯಾರೂ ಆಡದ ಮಾತನ್ನು. ತಾನೇ ಆಡಬೇಕಾದ ಮಾತನ್ನು ತಾನೇ ಬರೆದುಕೊಂಡ ನಟನಿಗೆ ಆ ಕಷ್ಟ ಬರುವುದಿಲ್ಲ.

ಯಿಂಗ್ ಅಲ್ಲಿಗೇ ನಿಲ್ಲಲಿಲ್ಲ. ಷೇಕ್ಸ್‌ಪಿಯರ್ ಮತ್ತು ಬರ್ನಾರ್ಡ್ ಷಾ ಅವರ ನಾಟಕಗಳನ್ನು ಚೀನೀ ಭಾಷೆಗೆ ತಂದರು. 1988ರಲ್ಲಿ ಹಾಲಿವುಡ್ ನಟ ಚಾರ್ಲ್‌ಟನ್ ಹೆಸ್ಟನ್ ಬೀಜಿಂಗ್‌ನಲ್ಲಿ ನಿರ್ದೇಶಿಸಿದ ನಾಟಕದ ಅನುವಾದವೂ ಅವರದೇ. ಟಿವಿಯ ‘ಮಾರ್ಕೊ ಪೋಲೊ’ದಲ್ಲಿ ಕುಬ್ಲಾಯ್ ಖಾನ್ ಆದರು, ಬೆರ್ತೊಲುಚಿಯ ‘ಲಿಟಲ್ ಬುದ್ಧ’ದಲ್ಲಿ ವೃದ್ಧ ಲಾಮಾ ಆದರು. 2003ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ನಮ್ಮ ತಾಲ್ಲೂಕಿನವನಾಗಿ ಒಂದು ಮಾತು ಹೇಳಲೇಬೇಕು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳ ವಿಭಾಗದಲ್ಲಿ. ಅದೇ ವಿಭಾಗದಲ್ಲಿ 1998ರಲ್ಲಿ ಅದೇ ಪ್ರಶಸ್ತಿ ಪಡೆದವರು ಯಿಂಗ್. ಹಳ್ಳಿಗೆ ಲೋಕದ ನಾಟಕ, ಸಿನಿಮಾ ತಂದವರನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಲೋಕದ ನಾಟಕಗಳನ್ನು ತನ್ನ ಊರಿನ ಮಾತಿಗೆ ಇಳಿಸಿ ತಾನೇ ಅದನ್ನು ಆಡಿದವರ ಪರಿಚಯವೂ ನಮ್ಮ ಓದುಗರಿಗೆ ಇರಬೇಕು. ಲಂಡನ್ನು, ನ್ಯೂಯಾರ್ಕಿನ ನಟರ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರುತ್ತದೆ. ಏಷ್ಯಾದ ರಂಗನಟರು ಮಾತ್ರ ಸಿನಿಮಾದಲ್ಲಿ ಕಂಡರಷ್ಟೇ ಸುದ್ದಿಯಾಗುತ್ತಾರೆ, ಅದೂ ಪೋಷಕ ನಟರಾಗಿ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ಪುರವಣಿಯ ಒಂದು ಪುಟವನ್ನು ಬೀಜಿಂಗ್ ಜನಕಲಾ ರಂಗಮಂದಿರಕ್ಕೂ ಯಿಂಗ್ ಅವರಿಗೂ ಮೀಸಲಿಡಿ. ಸಾಧ್ಯವಾದರೆ ಚೀನೀ ಬಲ್ಲ ಕನ್ನಡಿಗರಿಂದಲೇ ಬರೆಸಿ. ಜೊತೆಗೆ ನಮ್ಮ ಅನುವಾದಿತ ನಾಟಕಗಳ ತಾಲೀಮಿನಲ್ಲಿ ಅನುವಾದಕರೂ ನಟರೂ ಒಟ್ಟಿಗೆ ಕುಳಿತು ಮಾತು ತಿದ್ದುವ ಪದ್ಧತಿ ಎಲ್ಲೆಲ್ಲಿ ಇದೆ ಎಂದು ತಂಡಗಳನ್ನು ಕೇಳಿ ಪ್ರಕಟಿಸಿದರೆ ನನ್ನಂಥವರಿಗೆ ಉಪಕಾರವಾಗುತ್ತದೆ. ನಮ್ಮ ತಂಡ ಈ ಬಾರಿ ಅನುವಾದಿತ ನಾಟಕವೊಂದನ್ನು ಕೈಗೆತ್ತಿಕೊಂಡಿದೆ. ಮಳೆಗಾಲ ಮುಗಿದ ಕೂಡಲೇ ತಾಲೀಮು ಶುರುವಾಗುತ್ತದೆ.

ಇತಿ,
ನಿವೃತ್ತ ವಿಮಾ ಏಜೆಂಟ್, ಸಾಗರ